ಕತ್ತೆಕಿರುಬ ಹೋದ ಮೇಲೆ ರಣಹದ್ದಿಗೇನಾಯಿತು

ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಿಂದ ಪಶ್ಚಿಮಕ್ಕೆ ಸುಮಾರು 120 ಕಿಲೋಮೀಟರ್ ಹಬ್ಬಿರುವ ಬೆಟ್ಟಸಾಲಿನ ಹೆಸರು ಮಗಾಲೀಸ್‌ಬರ್ಗ್. ಉತ್ತರದ ಕಡೆ ಸಾಧಾರಣ ಇಳಿಜಾರು, ದಕ್ಷಿಣಕ್ಕೆ ನೇರ ಬಂಡೆಗೋಡೆ. ಆ ಗೋಡೆಯ ಸಂದುಗಳಲ್ಲಿ ಕೇಪ್ ರಣಹದ್ದುಗಳು ಗೂಡು ಕಟ್ಟುತ್ತವೆ. 1970ರ ದಶಕದ ಮಧ್ಯದಲ್ಲಿ ಪೀಟರ್ ಮಂಡಿ ಮತ್ತು ಜಾನ್ ಲೆಜರ್ ಎಂಬಿಬ್ಬರು ಈ ಗೂಡುಗಳ ಅಧ್ಯಯನಕ್ಕೆ ಕೈಹಾಕಿದಾಗ ಅಲ್ಲಿ ಸಿಕ್ಕ ಸಾಮಾನು ಅವರನ್ನು ತಬ್ಬಿಬ್ಬು ಮಾಡಿತು. ಬಾಟಲಿ ಮುಚ್ಚಳ, ಗಾಜಿನ ಚೂರು, ಒಡೆದ ಪಿಂಗಾಣಿ ತಟ್ಟೆಯ ತುಂಡು, ಪ್ಲಾಸ್ಟಿಕ್. ಸತ್ತ ದನದ ಮಾಂಸ ತಿಂದು ಬದುಕುವ ಹಕ್ಕಿಯ ಮನೆಯಲ್ಲಿ ತಿಪ್ಪೆಯ ಸರಕು!

ಇದೇ ಗೂಡುಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿತ್ತು. ಕೆಲವು ಮರಿಗಳ ರೆಕ್ಕೆಯ ಮೂಳೆ ಬಾಗಿತ್ತು, ಕೆಲವಕ್ಕೆ ಮುರಿದೇ ಹೋಗಿತ್ತು. ಹೊಟ್ಟೆಗೆ ಕಡಿಮೆಯಾದ ಮರಿಗಳಲ್ಲ ಅವು. ತಂದೆತಾಯಿ ತಂದ ಮಾಂಸ ತಿಂದು ಮೈತುಂಬಿಕೊಂಡಿದ್ದವು. ಆದರೆ ಹಾರುವ ಮುನ್ನ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿದು ಅಭ್ಯಾಸ ಮಾಡುವಾಗಲೇ ಮೂಳೆ ಲಟಕ್ಕೆಂದರೆ ಆ ಮರಿಯ ಕಥೆ ಮುಗಿಯಿತು. ಕೇಪ್ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಗೂಡು ಬಿಡಲು ನಾಲ್ಕೂವರೆ ತಿಂಗಳು ಬೇಕು, ಅದು ಪ್ರಾಯಕ್ಕೆ ಬಂದು ಸಂಸಾರ ಹೂಡಲು ಇನ್ನೂ ನಾಲ್ಕೈದು ವರ್ಷ. ಇಂಥ ಹಕ್ಕಿಗೆ ಒಂದೊಂದು ಮರಿಯ ಸಾವೂ ದುಬಾರಿ.

ಮಂಡಿ ಮತ್ತು ಲೆಜರ್ ಈ ಎರಡು ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಿ 1976ರಲ್ಲಿ ಲೇಖನ ಪ್ರಕಟಿಸಿದರು. ಅವರ ವಾದ ಕೇಳಲು ಸರಳ. ಮಾಂಸದಲ್ಲಿ ಕ್ಯಾಲ್ಸಿಯಂ ತೀರ ಕಡಿಮೆ. ಬೆಳೆಯುವ ಮರಿಗೆ ಮೂಳೆಯ ಚೂರು ಬೇಕೇ ಬೇಕು. ಆದರೆ ಕೇಪ್ ರಣಹದ್ದಿನ ಕೊಕ್ಕು ಮಾಂಸ ಕೀಳಲು ಚೆನ್ನ, ದನದ ತೊಡೆಮೂಳೆ ಒಡೆಯಲು ಅದಕ್ಕೆ ಬಲವಿಲ್ಲ. ಮೂಳೆ ಒಡೆಯುವ ಕೆಲಸ ಕತ್ತೆಕಿರುಬದ್ದು. ಕತ್ತೆಕಿರುಬ ಉಂಡು ಎದ್ದ ಜಾಗದಲ್ಲಿ ಚದುರಿ ಬಿದ್ದ ಚಕ್ಕೆಗಳನ್ನು ರಣಹದ್ದು ಆರಿಸಿ ನುಂಗಿ, ಗೂಡಿಗೆ ಬಂದು ಮರಿಯ ಮುಂದೆ ಕಕ್ಕುತ್ತದೆ. ಮಗಾಲೀಸ್‌ಬರ್ಗ್ ಸುತ್ತಮುತ್ತ ಕತ್ತೆಕಿರುಬ ಇಲ್ಲವಾಗಿತ್ತು. ಚಕ್ಕೆ ಸಿಗದ ತಾಯಿಹಕ್ಕಿ ಬೆಳ್ಳಗೆ, ಗಟ್ಟಿಯಾಗಿ, ಚಪ್ಪಟೆಯಾಗಿ ಕಂಡದ್ದನ್ನೆಲ್ಲ ಮೂಳೆಯೆಂದು ಬಗೆದು ಹೊತ್ತು ತರುತ್ತಿತ್ತು. ಕತ್ತೆಕಿರುಬ ಉಳಿದಿರುವ ಕಾಡುಗಳಲ್ಲಿ ರಣಹದ್ದಿನ ಮರಿಗಳ ಮೂಳೆ ನೆಟ್ಟಗಿದ್ದವು ಎಂಬುದು ಈ ವಾದಕ್ಕೆ ಬಲ ಕೊಟ್ಟಿತು.

ಹಕ್ಕಿಯ ರೋಗಕ್ಕೆ ಹಕ್ಕಿಯಲ್ಲಿ ಕಾರಣ ಹುಡುಕದೆ ನಾಲ್ಕು ಕಾಲಿನ ಇನ್ನೊಂದು ಪ್ರಾಣಿಯ ಗೈರುಹಾಜರಿಯಲ್ಲಿ ಹುಡುಕಿದ್ದು ಆಫ್ರಿಕಾದ ಬೇಟೆಹಕ್ಕಿಗಳ ಅಧ್ಯಯನದಲ್ಲೇ ಒಂದು ದೊಡ್ಡ ತಿರುವು. ಲೆಜರ್ ಮೂಲತಃ ಕೀಟವಿಜ್ಞಾನಿ, ಪ್ರಾಣಿಗಳ ಮೈಮೇಲಿನ ಹೇನು ಉಣ್ಣೆಗಳನ್ನು ಓದಿದವರು. ಒಂದು ಜೀವ ಇನ್ನೊಂದಕ್ಕೆ ಅಂಟಿಕೊಂಡೇ ಬದುಕುತ್ತದೆಂಬ ಸತ್ಯ ಅವರಿಗೆ ಬೇರೆಯವರಿಗಿಂತ ಬೇಗ ಹೊಳೆದಿದ್ದರೆ ಆಶ್ಚರ್ಯವಿಲ್ಲ.

ಕತ್ತೆಕಿರುಬ ಎಲ್ಲಿ ಹೋಯಿತು ಎಂದು ಕೇಳಿದರೆ ಆ ಲೇಖನದಿಂದ ನೂರಾನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. 1836ರಲ್ಲಿ ಈ ಬೆಟ್ಟಸಾಲಿಗೆ ವಿಲಿಯಂ ಕಾರ್ನ್‌ವಾಲಿಸ್ ಹ್ಯಾರಿಸ್ ಎಂಬ ಬೇಟೆಗಾರ ಬಂದಿದ್ದ. ಈತ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೇನೆಯ ಎಂಜಿನಿಯರ್. ಆರೋಗ್ಯ ಸುಧಾರಿಸಿಕೊಳ್ಳಲು ಕೇಪ್ ವಸಾಹತಿಗೆ ಹೋದವನು ಬಂದೂಕು ಹಿಡಿದು ಒಳನಾಡಿಗೆ ನುಗ್ಗಿದ. ಅವನ ಪ್ರವಾಸಕಥನ 1838ರಲ್ಲಿ ಬೊಂಬಾಯಿಯಲ್ಲೇ ಮೊದಲು ಅಚ್ಚಾಯಿತು. ಮಗಾಲೀಸ್‌ಬರ್ಗ್‌ನ ಕಣಿವೆಗಳಲ್ಲಿ ಆನೆಯ ಹಿಂಡುಗಳನ್ನು ಕಂಡು ಅವನು ಬೆರಗಾಗಿದ್ದ. ಕಪ್ಪು ಮೈಯ, ಬಾಗಿದ ಉದ್ದ ಕೊಂಬಿನ ಸೇಬಲ್ ಜಿಂಕೆಯನ್ನು ಯುರೋಪಿನ ಓದುಗರಿಗೆ ಪರಿಚಯಿಸಿದ್ದೂ ಇಲ್ಲಿಂದಲೇ. ಅಷ್ಟು ಪ್ರಾಣಿಗಳಿದ್ದ ಕಡೆ ಸಿಂಹ, ಕತ್ತೆಕಿರುಬ, ರಣಹದ್ದು ಇದ್ದೇ ಇರಬೇಕಲ್ಲ.

ಹ್ಯಾರಿಸ್ ಬಂದುಹೋದ ಕೆಲವೇ ವರ್ಷಗಳಲ್ಲಿ ಬೋಯರ್ ರೈತರು ಎತ್ತಿನ ಗಾಡಿಗಳಲ್ಲಿ ಬಂದು ಇಲ್ಲಿ ನೆಲೆಯೂರಿದರು. ಮೊದಲು ಆನೆ ಹೋಯಿತು, ಆಮೇಲೆ ಸಿಂಹ. ಕುರಿ ದನ ಸಾಕುವವನಿಗೆ ನರಿಯೂ ಕತ್ತೆಕಿರುಬವೂ ಶತ್ರು. ಗುಂಡು ದುಬಾರಿ, ವಿಷ ಅಗ್ಗ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಕ್ಷಿಣದ ಕೇಪ್ ವಸಾಹತಿನಲ್ಲಿ ರೈತರು ‘ವಿಷದ ಕ್ಲಬ್ಬು’ಗಳನ್ನೇ ಕಟ್ಟಿಕೊಂಡಿದ್ದರು, ಅವಕ್ಕೆ ಸರ್ಕಾರದ ಒತ್ತಾಸೆಯೂ ಇತ್ತು. ಬಳಸುತ್ತಿದ್ದ ವಿಷ ಸ್ಟ್ರಿಕ್ನಿನ್, ನಮ್ಮ ಕರಾವಳಿ ಮಲೆನಾಡಿನವರಿಗೆ ಗೊತ್ತಿರುವ ಕಾಸರಕದ ಬೀಜದಲ್ಲಿರುವುದೇ. ಸತ್ತ ಕುರಿಯ ಮೈ ಸೀಳಿ ಪುಡಿ ತುಂಬಿ ಹುಲ್ಲುಗಾವಲಲ್ಲಿ ಬಿಟ್ಟುಬಂದರೆ ರೈತನ ಕೆಲಸ ಮುಗಿಯಿತು. ರಾತ್ರಿ ಬರುವ ನರಿಗೆಂದು ಇಟ್ಟ ಆ ಕುರಿಯನ್ನು ಹಗಲೇ ಕಂಡು ಇಳಿಯುತ್ತಿದ್ದುದು ರಣಹದ್ದು. ಗುರಿ ಬೇರೆ, ಬಿದ್ದದ್ದು ಇದು.

ಇದರ ನಡುವೆ 1896ರಲ್ಲಿ ಜಾಂಬೆಜಿ ನದಿ ದಾಟಿ ದನಗಳ ದೊಡ್ಡರೋಗ ಬಂತು. ಸಾಕಿದ ದನಗಳ ಜೊತೆಗೆ ಕಾಡೆಮ್ಮೆ, ಜಿಂಕೆಗಳೂ ಲೆಕ್ಕವಿಲ್ಲದಷ್ಟು ಸತ್ತವು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ರಣಹದ್ದಿನ ಊಟಕ್ಕೆ ಉಳಿದದ್ದು ಬೇಲಿಯೊಳಗಿನ ದನ ಮಾತ್ರ, ಅದೂ ಸತ್ತು, ಹೂಳದೆ ಬಿಟ್ಟರೆ.

ಇನ್ನೊಂದು ಕಡೆ ರಣಹದ್ದು ಸಹಜವಾಗಿ ಹೇಗೆ ಬದುಕುತ್ತದೆ ಎಂಬುದನ್ನು ತಿಳಿಯಲು ವಿಜ್ಞಾನಿಗಳು ಟಾಂಜಾನಿಯಾದ ಸೆರೆಂಗೆಟಿಗೆ ಹೋಗಿದ್ದರು. ಒಂದೇ ಹೆಣದ ಮೇಲೆ ಆರು ಜಾತಿಯ ರಣಹದ್ದುಗಳು ಕೂತರೂ ಅವುಗಳ ನಡುವೆ ಕೆಲಸ ಹಂಚಿಕೆಯಾಗಿರುವುದನ್ನು ಹಾನ್ಸ್ ಕ್ರೂಕ್ 1967ರಲ್ಲಿ ಬರೆದರು. ದಪ್ಪ ಕೊಕ್ಕಿನವು ಚರ್ಮ ಹರಿದು ತಿನ್ನುತ್ತವೆ. ಉದ್ದ ಕತ್ತಿನವು ಹೊಟ್ಟೆಯೊಳಗೆ ತಲೆ ತೂರಿಸಿ ಮೆದು ಮಾಂಸ ಎಳೆಯುತ್ತವೆ. ಸಣ್ಣ ಕೊಕ್ಕಿನವು ಸುತ್ತ ಬಿದ್ದ ಚೂರುಪಾರು ಹೆಕ್ಕುತ್ತವೆ. ನಂತರ ಬಂದ ಡೇವಿಡ್ ಹ್ಯೂಸ್ಟನ್ ಲೆಕ್ಕ ಹಾಕಿದಾಗ, ಸೆರೆಂಗೆಟಿಯಲ್ಲಿ ಸಿಂಹ, ಕತ್ತೆಕಿರುಬ ಮುಂತಾದ ಮಾಂಸಾಹಾರಿ ಪ್ರಾಣಿಗಳೆಲ್ಲ ಸೇರಿ ತಿನ್ನುವುದಕ್ಕಿಂತ ರಣಹದ್ದುಗಳು ತಿನ್ನುವ ಮಾಂಸವೇ ಹೆಚ್ಚೆಂದು ಕಂಡಿತು. ಅದೂ ಕೊಂದು ತಿಂದದ್ದಲ್ಲ; ರೋಗ, ಹಸಿವು, ಮುಪ್ಪಿನಿಂದ ಸತ್ತವು.

ಕಾಲಿನ್ ಪೆನಿಕುಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನೆಲದಲ್ಲಿ ನಿಂತು ದುರ್ಬೀನಿನಲ್ಲಿ ನೋಡಿದರೆ ರಣಹದ್ದು ಅರ್ಧ ಗಂಟೆಯಲ್ಲಿ ಚುಕ್ಕಿಯಾಗಿ ಮಾಯವಾಗುತ್ತದೆ. ಅದಕ್ಕೆ ಅವರು ಮೋಟಾರು ಗ್ಲೈಡರ್ ಏರಿ, ಎಂಜಿನ್ ಆರಿಸಿ, ರಣಹದ್ದಿನ ಜೊತೆಗೇ ಬಿಸಿಗಾಳಿಯ ಸುಳಿಯಲ್ಲಿ ಸುತ್ತುತ್ತ ಮೇಲೇರಿದರು. ಸುಳಿಯ ತುದಿ ಮುಟ್ಟಿದ ಹಕ್ಕಿ ಮುಂದಿನ ಸುಳಿಯ ಕಡೆ ಜಾರುತ್ತದೆ, ರೆಕ್ಕೆ ಬಡಿಯುವುದು ಅಪರೂಪ. ಸೆರೆಂಗೆಟಿಯ ಅಂಚಿನ ಗೋಲ್ ಬೆಟ್ಟಗಳಲ್ಲಿ ಗೂಡು ಕಟ್ಟುವ ರಣಹದ್ದುಗಳು ವಲಸೆ ಹೊರಟ ವಿಲ್ಡಬೀಸ್ಟ್ ಹಿಂಡುಗಳನ್ನು ಹುಡುಕಿಕೊಂಡು ನೂರು ಕಿಲೋಮೀಟರಿಗೂ ದೂರ ಹೋಗಿ ಬರುತ್ತವೆ ಎಂಬುದು ಇಂಥ ಕೆಲಸದಿಂದ ತಿಳಿದದ್ದು. ರಣಹದ್ದು ಎಷ್ಟು ಎತ್ತರಕ್ಕೆ ಏರಬಲ್ಲದು ಎಂಬುದಕ್ಕೆ ಉತ್ತರ ಮಾತ್ರ ಅಪಘಾತವೊಂದರಿಂದ ಸಿಕ್ಕಿತು: 1973ರ ನವೆಂಬರಿನಲ್ಲಿ ಐವರಿ ಕೋಸ್ಟ್‌ನ ಅಬಿಜಾನ್ ಮೇಲೆ ಸುಮಾರು 11,300 ಮೀಟರ್ ಎತ್ತರದಲ್ಲಿ ಹಾರುತ್ತಿದ್ದ ವಿಮಾನಕ್ಕೆ ರೂಪೆಲ್ ರಣಹದ್ದೊಂದು ಬಡಿದಿತ್ತು.

ಸೆರೆಂಗೆಟಿಯ ಅಧ್ಯಯನಗಳಿಂದ ಹೊರಬಿದ್ದ ಮತ್ತೊಂದು ಅಂಶ ಮುಂದಿನ ಕಥೆಗೆ ಮುಖ್ಯ. ಆಕಾಶದಲ್ಲಿ ಚದುರಿಕೊಂಡ ರಣಹದ್ದುಗಳು ನೆಲವನ್ನಷ್ಟೇ ಅಲ್ಲ, ಪಕ್ಕದ ಹಕ್ಕಿಯನ್ನೂ ನೋಡುತ್ತಿರುತ್ತವೆ. ಒಂದು ಇಳಿದರೆ ಅದನ್ನು ಕಂಡು ಇನ್ನೊಂದು, ಅದನ್ನು ಕಂಡು ಮತ್ತೊಂದು. ಗಂಟೆಯೊಳಗೆ ನೂರಾರು ಹಕ್ಕಿ ಒಂದೇ ಹೆಣದ ಸುತ್ತ ಸೇರುತ್ತವೆ. ಸಾವಿರಾರು ವರ್ಷ ಅವುಗಳ ಹೊಟ್ಟೆ ಹೊರೆದ ಈ ಬುದ್ಧಿಯೇ ವಿಷ ಇಟ್ಟ ಕಡೆ ಮೃತ್ಯುವಾಯಿತು. ಒಂದು ಹೆಣ ಸಾಕು, ಇಡೀ ಸೀಮೆಯ ಹಕ್ಕಿ ಬಂದು ಸಾಯಲು.

ಮತ್ತೆ ದಕ್ಷಿಣಕ್ಕೆ ಬರೋಣ. ಕತ್ತೆಕಿರುಬವನ್ನು ವಾಪಸು ತರುವಂತಿಲ್ಲ, ಯಾವ ರೈತನೂ ಒಪ್ಪುವುದಿಲ್ಲ. ಹಾಗಾದರೆ ಕತ್ತೆಕಿರುಬದ ಕೆಲಸವನ್ನು ಮನುಷ್ಯನೇ ಮಾಡಬೇಕು. ಡ್ರೇಕೆನ್ಸ್‌ಬರ್ಗ್ ಪರ್ವತದ ಜಯಂಟ್ಸ್ ಕಾಸಲ್ ಅಭಯಾರಣ್ಯದಲ್ಲಿ 1966ರಲ್ಲೇ ಗಡ್ಡದ ರಣಹದ್ದುಗಳಿಗೆಂದು ಮಾಂಸ ಮೂಳೆ ಇಡುವ ಜಾಗವೊಂದು ಶುರುವಾಗಿತ್ತು. ‘ರಣಹದ್ದುಗಳ ಹೋಟೆಲು’ ಎಂಬ ತಮಾಷೆಯ ಹೆಸರು ಅದಕ್ಕೆ ಅಂಟಿಕೊಂಡಿತು. ಮಗಾಲೀಸ್‌ಬರ್ಗ್ ಸುತ್ತ ಈ ಹೋಟೆಲು ಹೊಸ ರೂಪದಲ್ಲಿ ಬಂತು. ರೈತ ತನ್ನ ಸತ್ತ ಹಸು, ಕುದುರೆ, ಹಂದಿಯನ್ನು ಹೂಳುವ ಬದಲು ಬಯಲಿಗೆ ತಂದು ಹಾಕುತ್ತಾನೆ. ಹಕ್ಕಿಗಳು ಮಾಂಸ ಬಿಡಿಸಿ ಹೋದ ಮೇಲೆ ಕೆಲಸಗಾರರು ಸುತ್ತಿಗೆ ಹಿಡಿದು ಬರುತ್ತಾರೆ. ತೊಡೆಮೂಳೆ, ಪಕ್ಕೆಲುಬುಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿ, ಹಕ್ಕಿಯ ಗಂಟಲಲ್ಲಿ ಇಳಿಯುವಷ್ಟು ಚಕ್ಕೆಗಳಾಗಿ ಚೆಲ್ಲುತ್ತಾರೆ. ನಾಚಿಕೆಯ ಕೆಲಸ ಎಂದು ನಕ್ಕವರಿದ್ದರು. ಮುಂದಿನ ವರ್ಷಗಳಲ್ಲಿ ಮೂಳೆ ಬಾಗಿದ ಮರಿಗಳ ಸಂಖ್ಯೆ ಇಳಿಯಿತು.

ಈ ಹೋಟೆಲುಗಳ ಬಗ್ಗೆ ತಕರಾರೂ ಉಂಟು, ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಸತ್ತ ದನಕ್ಕೆ ಕೊನೆಗಾಲದಲ್ಲಿ ಏನು ಔಷಧಿ ಚುಚ್ಚಿದ್ದರೋ ಯಾರಿಗೆ ಗೊತ್ತು? ಹಕ್ಕಿಗಳೆಲ್ಲ ಒಂದೇ ಕಡೆ ಸೇರಿದರೆ ಒಂದೇ ಅನಾಹುತಕ್ಕೆ ಎಲ್ಲ ಬಲಿಯಾಗಬಹುದು. ಹಾಗಿದ್ದೂ ಅದರಿಂದ ಆದ ಒಂದು ಲಾಭವನ್ನು ಮರೆಯಬಾರದು. ರಣಹದ್ದು ಕರು ಕೊಲ್ಲುತ್ತದೆ ಎಂದು ಬಂದೂಕು ಎತ್ತುತ್ತಿದ್ದ ಮನೆತನಗಳ ಮುಂದಿನ ತಲೆಮಾರು ಸತ್ತ ದನವನ್ನು ತಾನಾಗಿ ತಂದು ಕೊಡತೊಡಗಿತು. ಲೇಖನಗಳು ಮಾಡದ ಕೆಲಸವನ್ನು ಹೋಟೆಲು ಮಾಡಿತು.

ಅಷ್ಟರಲ್ಲಿ ಇನ್ನೊಂದು ಮೃತ್ಯು ಕಂಬದ ರೂಪದಲ್ಲಿ ನಿಂತಿತ್ತು. ಮರವಿಲ್ಲದ ಬಯಲಲ್ಲಿ ಹೈಟೆನ್ಷನ್ ಕಂಬ ರಣಹದ್ದಿಗೆ ಒಳ್ಳೆಯ ಜಗಲಿ. ಆದರೆ ಎರಡೂವರೆ ಮೀಟರ್ ಅಗಲದ ರೆಕ್ಕೆ ಬಿಚ್ಚಿದಾಗ ಒಂದು ತುದಿ ತಂತಿಗೆ, ಇನ್ನೊಂದು ತುದಿ ಕಬ್ಬಿಣಕ್ಕೆ ತಾಗಿತೋ, ಹಕ್ಕಿ ಕೆಳಗೆ ಬಿತ್ತು. 88 ಕಿಲೋವೋಲ್ಟಿನ ಒಂದು ಮಾದರಿಯ ಕಂಬಗಳ ಕೆಳಗೇ ಹೆಣಗಳು ಹೆಚ್ಚು ಸಿಗುತ್ತಿದ್ದವು. ಲೆಜರ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ದಾಖಲಿಸಿ, ಕಂಬದ ವಿನ್ಯಾಸದಲ್ಲೇ ದೋಷವಿದೆಯೆಂದು ತೋರಿಸಿದರು. ವಿದ್ಯುತ್ ಕಂಪನಿಗೂ ಇದರಲ್ಲಿ ಸ್ವಾರ್ಥವಿತ್ತು. ಹಕ್ಕಿ ಸತ್ತಾಗ ಲೈನ್ ಟ್ರಿಪ್ ಆಗುತ್ತದೆ, ಅದರ ಹಿಕ್ಕೆ ತಂತಿಯ ಮೇಲೆ ಹರಿದಾಗಲೂ ಆಗುತ್ತದೆ. 1996ರಲ್ಲಿ ವಿದ್ಯುತ್ ಸಂಸ್ಥೆ ಎಸ್ಕಾಮ್ ಮತ್ತು ಎಂಡೇಂಜರ್ಡ್ ವೈಲ್ಡ್‌ಲೈಫ್ ಟ್ರಸ್ಟ್ ಜಂಟಿ ಕಾರ್ಯಕ್ರಮಕ್ಕೆ ಸಹಿ ಹಾಕಿದವು. ಹೊಲದ ನೀರಿನ ತೊಟ್ಟಿಗಳದ್ದೂ ಇದೇ ಕಥೆ. ಸ್ನಾನಕ್ಕೆ ಇಳಿದ ಹಕ್ಕಿ ನೆನೆದ ರೆಕ್ಕೆ ಹೊತ್ತು ನುಣುಪು ಗೋಡೆ ಹತ್ತಲಾರದೆ ಮುಳುಗುತ್ತಿತ್ತು, ಅದನ್ನು ನೋಡಿ ಇನ್ನಷ್ಟು ಇಳಿಯುತ್ತಿದ್ದವು. ಒಂದು ಮರದ ದಿಮ್ಮಿ ತೇಲಿಬಿಟ್ಟರೆ ಸಾಕಿತ್ತು.

ವಿಷ, ಕಂಬ, ತೊಟ್ಟಿ, ಮೂಳೆ. ಈ ನಾಲ್ಕು ಬಗೆಯ ಯಾವ ಸಾವಿನಲ್ಲೂ ರಣಹದ್ದು ಗುರಿಯಾಗಿರಲಿಲ್ಲ. 2010ರ ನಂತರ ಆ ಮಾತನ್ನೂ ಹೇಳುವಂತಿಲ್ಲ. ದಂತಕ್ಕಾಗಿ ಆನೆ ಕೊಂದವರಿಗೆ ರಣಹದ್ದು ಚಾಡಿ ಹೇಳುವ ಸಾಕ್ಷಿ. ಮೇಲೆ ಸುತ್ತುವ ಹಕ್ಕಿಗಳನ್ನು ನೋಡಿಯೇ ಅರಣ್ಯ ರಕ್ಷಕರು ಸತ್ತ ಆನೆಯ ಜಾಗ ಹಿಡಿಯುತ್ತಾರೆ. ಅದಕ್ಕೆ ಕಳ್ಳಬೇಟೆಗಾರರು ದಂತ ಕಿತ್ತ ಮೇಲೆ ಆನೆಯ ಮೈಗೆ ಕೀಟನಾಶಕ ಸುರಿಯತೊಡಗಿದರು. ಈ ಸಲ ಗುರಿ ಬೇರೆಯಲ್ಲ, ಕೊಲ್ಲಬೇಕಾದದ್ದು ರಣಹದ್ದನ್ನೇ. 2019ರ ಜೂನ್‌ನಲ್ಲಿ ಬೋಟ್ಸ್ವಾನಾದ ಉತ್ತರದಲ್ಲಿ ಮೂರು ಆನೆಗಳ ಹೆಣದ ಸುತ್ತ 537 ರಣಹದ್ದುಗಳು ಸತ್ತುಬಿದ್ದಿದ್ದವು. ಅವುಗಳಲ್ಲಿ 468 ಬಿಳಿಬೆನ್ನಿನವು, 10 ಕೇಪ್ ರಣಹದ್ದುಗಳು. 

ಇಡೀ ಖಂಡದ ಚಿತ್ರ ಡಾರ್ಸಿ ಒಗಾಡಾ ಮತ್ತು ಜೊತೆಗಾರರು 2016ರಲ್ಲಿ ಹೊರತಂದ ಲೇಖನದಲ್ಲಿದೆ. ಎಂಟು ಜಾತಿಯ ರಣಹದ್ದುಗಳು ಮೂವತ್ತು ವರ್ಷಗಳಲ್ಲಿ ಸರಾಸರಿ ಶೇ. 62ರಷ್ಟು ಕುಸಿದಿದ್ದವು. ದಾಖಲಾದ ಸಾವುಗಳಲ್ಲಿ ಶೇ. 61 ವಿಷದಿಂದ, ಶೇ. 29 ನಾಟಿ ಮದ್ದಿನ ವ್ಯಾಪಾರದಿಂದ, ಶೇ. 9 ವಿದ್ಯುತ್ತಿನಿಂದ. ನಾಟಿ ಮದ್ದಿನ ಹಿಂದಿರುವುದು ದೂರದೃಷ್ಟಿಯ ನಂಬಿಕೆ: ಇಷ್ಟು ದೂರದ ಹೆಣ ಕಾಣುವ ಹಕ್ಕಿಯ ಮೆದುಳು ತಿಂದವನಿಗೆ ನಾಳೆಯದು ಕಾಣುತ್ತದೆ, ಲಾಟರಿ ಹೊಡೆಯುತ್ತದೆ ಎಂದು. 2015ರಲ್ಲೇ ಬಿಳಿಬೆನ್ನಿನದು ಸೇರಿ ಆಫ್ರಿಕಾದ ನಾಲ್ಕು ಜಾತಿಯ ರಣಹದ್ದುಗಳನ್ನು ಅಳಿವಿನ ತೀರ ಅಂಚಿನಲ್ಲಿರುವ ಪಟ್ಟಿಗೆ ಸೇರಿಸಲಾಯಿತು.

ವಿಚಿತ್ರವೆಂದರೆ ಕೇಪ್ ರಣಹದ್ದಿನ ಸ್ಥಿತಿ ಅಷ್ಟರಲ್ಲಿ ಸ್ವಲ್ಪ ಸುಧಾರಿಸಿತ್ತು. 2021ರಲ್ಲಿ ಅದನ್ನು ಒಂದು ಮೆಟ್ಟಿಲು ಕೆಳಗಿನ ಅಪಾಯದ ಪಟ್ಟಿಗೆ ಇಳಿಸಿದರು. ಐವತ್ತು ವರ್ಷ ಸುತ್ತಿಗೆ ಹಿಡಿದವರ, ಕಂಬ ಎಣಿಸಿದವರ, ಹಗ್ಗ ಕಟ್ಟಿಕೊಂಡು ಇಳಿದು ಮರಿಗಳ ಕಾಲಿಗೆ ಉಂಗುರ ತೊಡಿಸಿದವರ ಪಾಲು ಇದರಲ್ಲಿ ದೊಡ್ಡದು. ಮಗಾಲೀಸ್‌ಬರ್ಗ್ ಬುಡದಲ್ಲಿ 2007ರಲ್ಲಿ ಕೆರಿ ವೋಲ್ಟರ್ ಕಟ್ಟಿದ ವಲ್‌ಪ್ರೋ ಸಂಸ್ಥೆ ಗಾಯಗೊಂಡ ಹಕ್ಕಿಗಳನ್ನು ಸಾಕಿ ಸಲಹಿತು. 2024ರ ಆರಂಭದಲ್ಲಿ ಅಲ್ಲಿಂದ ಸುಮಾರು 160 ರಣಹದ್ದುಗಳನ್ನು ಲಾರಿಗಳಲ್ಲಿ ಈಸ್ಟರ್ನ್ ಕೇಪ್‌ನ ಹೊಸ ನೆಲೆಗೆ ಸಾಗಿಸಲಾಯಿತು.

ಈ ಕಥೆಗೂ ರಾಮನಗರಕ್ಕೂ ಒಂದು ನಂಟಿದೆ, ನಮ್ಮಲ್ಲಿ ಹೆಚ್ಚಿನವರಿಗೆ ಅದು ತಿಳಿದಿಲ್ಲ. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯೇ ಭಾರತ, ಪಾಕಿಸ್ತಾನ, ನೇಪಾಳಗಳ ರಣಹದ್ದುಗಳನ್ನು ಕೊಲ್ಲುತ್ತಿದೆ ಎಂದು 2004ರ ಹೊತ್ತಿಗೆ ಖಚಿತವಾಯಿತು. ಆಫ್ರಿಕಾದಲ್ಲಿ ರೈತ ಕೊಲ್ಲಲು ವಿಷ ಇಟ್ಟಿದ್ದ. ಇಲ್ಲಿ ರೈತ ಹಸುವಿನ ನೋವು ನೋಡಲಾರದೆ ಮದ್ದು ಹಾಕಿಸಿದ್ದ. ಹಕ್ಕಿಗೆ ಎರಡೂ ಒಂದೇ. ಡೈಕ್ಲೋಫೆನಾಕ್ ನಿಲ್ಲಿಸಬೇಕಾದರೆ ಅದರ ಬದಲಿಗೆ ಸುರಕ್ಷಿತ ಔಷಧಿ ತೋರಿಸಬೇಕಿತ್ತು. ಅದನ್ನು ಪರೀಕ್ಷಿಸಲು ನಮ್ಮ ರಣಹದ್ದುಗಳನ್ನು ಪಣಕ್ಕಿಡುವಂತಿರಲಿಲ್ಲ, ಅಷ್ಟು ಕಡಿಮೆಯಾಗಿದ್ದವು. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಗೆರಿ ಸ್ವಾನ್ ಮತ್ತು ವಿನ್ನಿ ನಾಯ್ಡು ಮೊದಲಾದವರು ಮೆಲಾಕ್ಸಿಕಾಮ್ ಔಷಧಿಯನ್ನು ಮೊದಲು ಪ್ರಯೋಗಿಸಿದ್ದು ಆಫ್ರಿಕಾದ ಬಿಳಿಬೆನ್ನಿನ ರಣಹದ್ದುಗಳ ಮೇಲೆ. ಅವು ಬದುಕಿದವು. ಆಮೇಲೆ ಭಾರತದಲ್ಲಿ ಕೆಲವೇ ಹಕ್ಕಿಗಳ ಮೇಲೆ ನೋಡಿದಾಗಲೂ ಅದೇ ಫಲ. ಇದು ಪ್ರಕಟವಾದ 2006ರಲ್ಲೇ ಭಾರತ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ‘ಶೋಲೆ’ಯ ಬಂಡೆಗಳೆಂದು ಹೆಸರಾದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾದಾಗ ಅಲ್ಲಿ ಉಳಿದಿದ್ದ ಉದ್ದಕೊಕ್ಕಿನ ಹಕ್ಕಿಗಳು ಬೆರಳೆಣಿಕೆಯಷ್ಟು. ಪ್ರಯೋಗಕ್ಕೆ ಮೈಕೊಟ್ಟ ಆಫ್ರಿಕಾದ ಜಾತಿ ಈಗ ತಾನೂ ಅಳಿವಿನ ಅಂಚಿನಲ್ಲಿದೆ.

2023ರಲ್ಲಿ ಅಸಿಕ್ಲೋಫೆನಾಕ್ ಮತ್ತು ಕೀಟೋಪ್ರೊಫೆನ್ ಔಷಧಿಗಳನ್ನೂ ದನಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ ಆದೇಶಿಸಿದೆ. ಬಂಡೀಪುರ, ನಾಗರಹೊಳೆ, ರಾಮನಗರದ ಸುತ್ತ ಹಸು ಎಮ್ಮೆ ಕಟ್ಟಿದವರು ನೋವಿನ ಇಂಜೆಕ್ಷನ್ ಹಾಕಿಸುವಾಗ ಮೆಲಾಕ್ಸಿಕಾಮ್ ಕೊಡಿ ಎಂದು ಪಶುವೈದ್ಯರನ್ನು ಕೇಳಬೇಕು. ಚಿರತೆಯೋ ಹುಲಿಯೋ ಕರು ಹೊಡೆದರೆ ಆ ಹೆಣಕ್ಕೆ ವಿಷ ಸವರದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬೇಕು.